ಮನೆಯಲ್ಲಿ ಗೂಡುಕಟ್ಟುವ ಕಣಜಗಳು

ಕಣಜವೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಅರ್ಥಗಳುಂಟು. ಸುಗ್ಗಿಯ ಕಾಳನ್ನು ವರ್ಷದ ಊಟಕ್ಕಾಗಿ ತುಂಬಿಡುವ ಧಾನ್ಯದ ಭಂಡಾರವು ಒಂದು. ಸಣ್ಣ ನಡುವಿನ, ಬಾಲದಲ್ಲಿ ಮುಳ್ಳನ್ನಿಟ್ಟುಕೊಂಡು ಗುಂಯ್ಗುಟ್ಟುತ್ತ ಬರುವ ಹುಳು ಇನ್ನೊಂದು. ಮೊದಲನೆಯದನ್ನು ಕಂಡರೆ ಗೃಹಸ್ಥನಿಗೆ ಎಷ್ಟು ಸಂತೋಷವೋ ಎರಡನೆಯದನ್ನು ಕಂಡರೆ ಅಷ್ಟೇ ಭಯ. ಕಿಟಕಿಯಿಂದ ಒಂದು ಕಣಜವು ಒಳಗೆ ಬಂದಿತೆಂದರೆ ಮಕ್ಕಳು ಕಿರಿಚುವರು, ಯಜಮಾನನು ಮಡಿಸಿದ ವೃತ್ತಪತ್ರಿಕೆಗಾಗಿ ತಡಕಾಡುವನು, ಯಜಮಾನಿಯು ಪೊರಕೆಯನ್ನು ಕೈಗೆತ್ತಿಕೊಳ್ಳುವಳು. ಕರಾವಳಿ ಮಲೆನಾಡುಗಳ ಹಲವು ಕಡೆ ಇದನ್ನೇ ಕಡಜವೆನ್ನುವರು; ಹೆಸರು ಯಾವುದಾದರೂ ಭಯವು ಒಂದೇ.

ಈ ಭಯವು ಕೇವಲ ಭ್ರಮೆಯೆಂದು ನಾವು ಹೇಳುವವರಲ್ಲ. ಕಣಜಗಳು ಕುಟುಕಿ ಪ್ರಾಣ ಹೋದ ಸಂಗತಿಗಳು ನಮ್ಮ ನಾಡಿನಲ್ಲಿ ಆಗಾಗ ನಡೆಯುತ್ತಲೇ ಇರುವುವು. ಆದರೆ ಕಣಜಗಳೆಲ್ಲವೂ ಒಂದೇ ಜಾತಿಯವಲ್ಲ. ಅವುಗಳ ಸ್ವಭಾವವೂ ಒಂದೇ ಅಲ್ಲ. ನಾವು ಕಂಡಮಟ್ಟಿಗೆ, ಮನೆಮಂದಿಯ ಪೊರಕೆಗೂ ಸೀಮೆಎಣ್ಣೆಗೂ ಬಲಿಯಾಗತಕ್ಕವು ಬಹುಮಟ್ಟಿಗೆ ಯಾರ ತಂಟೆಗೂ ಬಾರದ ಸಾಧು ಹುಳುಗಳು. ನಿಜವಾಗಿ ಪ್ರಾಣಕ್ಕೆ ಎರವಾಗಬಲ್ಲವುಗಳ ಬಳಿಗಾದರೋ ನಾವು ಕಲ್ಲು ಹಿಡಿದು, ಪಂಜು ಹಿಡಿದು ಬಹು ಧೈರ್ಯದಿಂದ ಹೋಗುವೆವು. ಯಾವುದನ್ನು ಅದರ ಪಾಡಿಗೆ ಬಿಡಬೇಕು, ಯಾವುದಕ್ಕೆ ಅಂಜಿ ದೂರವಿರಬೇಕು ಎಂಬುದನ್ನು ಗೂಡಿನ ಆಕಾರದಿಂದಲೇ ತಿಳಿಯಬಹುದು. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಬರಹ.

ಮೊದಲು ಮಣ್ಣಿನ ಗೂಡು. ದೇವರ ಪಟದ ಹಿಂದೆ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಗೋಡೆಯ ಗಡಿಯಾರದ ಬೆನ್ನಿಗೆ, ಬಹುದಿನ ತೆರೆಯದ ಪುಸ್ತಕದ ಅಂಚಿಗೆ ಒಣಗಿದ ಮಣ್ಣಿನ ಮುದ್ದೆಯೊಂದು ಅಂಟಿಕೊಂಡಿರುವುದನ್ನು ನೋಡದ ಗೃಹಿಣಿಯಿಲ್ಲ. ಇದನ್ನು ಕಟ್ಟುವ ಹುಳುವನ್ನು ಕುಂಬಾರ ಹುಳುವೆಂದು ಹಳ್ಳಿಗರು ಕರೆಯುವುದು ಬಹು ಉಚಿತವಾಗಿದೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಕಪ್ಪು ಮೈ, ಹಳದಿ ಕಾಲು, ದಾರದಂತೆ ಸಣ್ಣನೆಯ ನಡು ಇರುವುದೊಂದು. ಇದು ಉದ್ದುದ್ದನೆಯ ಕೋಣೆಗಳನ್ನು ಪಕ್ಕಪಕ್ಕಕ್ಕೆ ಕಟ್ಟಿ ಮೇಲೆ ಒಟ್ಟಾಗಿ ಮಣ್ಣು ಮೆತ್ತಿಬಿಡುವುದು. ಇನ್ನೊಂದು ಬಗೆಯದು ಮಾಡುವ ಗೂಡು ನಿಜವಾದ ಗಡಿಗೆಯೇ. ಗೋಲಿಯ ಗಾತ್ರದ ಹೊಟ್ಟೆ, ಸಣ್ಣ ಕೊರಳು, ಹೊರಕ್ಕೆ ಬಾಗಿದ ಬಾಯಿ. ತಿಗರಿಯಿಲ್ಲದೆ, ಕೈಗಳಿಲ್ಲದೆ, ಬಾಯಿಯಿಂದಲೂ ಮುಂಗಾಲುಗಳಿಂದಲೂ ಮಾಡಿದ ಆ ಗಡಿಗೆಯನ್ನು ನೋಡಿದರೆ ನಮ್ಮ ಕುಂಬಾರರೂ ತಲೆದೂಗುವರು.

ಈ ಹುಳುವಿಗೆ ರಾಣಿಯಿಲ್ಲ, ದಂಡಿಲ್ಲ, ಬಳಗವಿಲ್ಲ. ಹೆಣ್ಣು ತಾನೊಂದೇ ಮನೆಯನ್ನು ಕಟ್ಟಬೇಕು, ತಾನೊಂದೇ ಬೇಟೆಯಾಡಬೇಕು. ನಲ್ಲಿಯ ಕೆಳಗಣ ಕೆಸರಿನಿಂದ ಮಣ್ಣಿನ ಉಂಡೆಯನ್ನು ದವಡೆಗಳಲ್ಲಿ ಕಚ್ಚಿಕೊಂಡು ಬರುವುದು. ಅದನ್ನು ಅಂಟಿಸುವಾಗ ಝೇಂಕರಿಸುವುದು. ಈ ಝೇಂಕಾರವು ಹಾಡಲ್ಲ, ಕೋಪವೂ ಅಲ್ಲ. ಮೈಯನ್ನು ನಡುಗಿಸಿದರೆ ಹಸಿ ಮಣ್ಣು ಸಡಿಲವಾಗಿ ಹರಡಿ ಹಳೆಯ ಅಂಚಿನೊಡನೆ ಬೆಸೆದುಕೊಳ್ಳುವುದು. ಗಾರೆಯವನು ಕರಣೆಯಿಂದ ತಟ್ಟಿದಂತೆ ಇದೂ ಒಂದು ಕೆಲಸದ ಹದ. ಗೂಡು ಸಿದ್ಧವಾದ ಮೇಲೆ ಬೇಟೆ. ಕರಿಯ ಕುಂಬಾರ ಹುಳುವು ಜೇಡಗಳನ್ನೂ, ಗಡಿಗೆ ಮಾಡುವುದು ಎಲೆ ತಿನ್ನುವ ಹಸುರು ಕಂಬಳಿಹುಳುಗಳನ್ನೂ ಹಿಡಿದು ತರುವುವು. ತರುವಾಗ ಅವನ್ನು ಕೊಲ್ಲುವುದಿಲ್ಲ. ಕುಟುಕಿ, ಕೈಕಾಲು ಆಡದಂತೆ ಮಾಡಿ, ಜೀವಂತವಾಗಿಯೇ ಗೂಡಿನೊಳಗೆ ತುರುಕುವುವು. ಕೊಂದರೆ ನಮ್ಮ ಸೆಖೆಯಲ್ಲಿ ಎರಡೇ ದಿನಕ್ಕೆ ಕೊಳೆತುಹೋಗುವುದಷ್ಟೆ! ಒಂದು ಮೊಟ್ಟೆಯನ್ನಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚಿದರೆ ತಾಯಿಯ ಕರ್ತವ್ಯ ಮುಗಿಯಿತು. ಮೊಟ್ಟೆಯೊಡೆದು ಬಂದ ಮರಿಯು ಆ ಕೆಡದ ಆಹಾರವನ್ನು ತಿಂದು ಬೆಳೆದು, ಕೋಶಕಟ್ಟಿ, ರೆಕ್ಕೆ ಬಂದ ಮೇಲೆ ಗೋಡೆಯನ್ನು ಕೊರೆದುಕೊಂಡು ಹೊರಗೆ ಬರುವುದು. ಗಡಿಗೆ ಮಾಡುವ ಕಣಜವು ಬೇಟೆಯನ್ನು ತರುವ ಮುಂಚೆಯೇ ಮೊಟ್ಟೆಯನ್ನು ಒಂದು ಸಣ್ಣ ನೂಲಿನಿಂದ ಗಡಿಗೆಯ ಮೇಲ್ಭಾಗಕ್ಕೆ ತೂಗುಹಾಕುವುದೆಂಬುದನ್ನು ಫ್ರಾನ್ಸ್ ದೇಶದ ಫಾಬ್ರೆ (೧೮೨೩–೧೯೧೫) ಎಂಬ ಪ್ರಸಿದ್ಧ ಕೀಟವಿಜ್ಞಾನಿಯು ಸ್ವತಃ ನೋಡಿ ವರ್ಣಿಸಿರುವನು. ಕೆಳಗೆ ಮಿಸುಕುತ್ತಿರುವ ಹುಳುಗಳ ನಡುವೆ ಸಿಕ್ಕಿ ಮೊಟ್ಟೆಯು ನಜ್ಜುಗುಜ್ಜಾಗದಿರಲೆಂದು ಕಟ್ಟಿದ ತೊಟ್ಟಿಲಿದು ಎಂದು ಅವನು ಊಹಿಸಿದನು. ಕಣಜವೆಂದರೆ ಕಾಳು ತುಂಬಿದ ಭಂಡಾರವೆಂದೆವಷ್ಟೆ; ಈ ಹುಳುವಿನ ಗೂಡು ಆ ಅರ್ಥದಲ್ಲಿಯೂ ಕಣಜವೇ ಸರಿ.

ನಮ್ಮ ಹಿರಿಯರ ಕಣ್ಣಿಗೆ ಈ ಸಂಗತಿಯು ಬೀಳದೆ ಹೋಗಲಿಲ್ಲ. ಭ್ರಮರಕೀಟನ್ಯಾಯವೆಂಬ ಮಾತನ್ನು ವಾಚಕರು ಹರಿಕಥೆಗಳಲ್ಲಿಯೂ ಪುರಾಣಗಳಲ್ಲಿಯೂ ಕೇಳಿರಬಹುದು. ಕಣಜವು ಹುಳುವನ್ನು ತಂದು ಗೂಡಿನಲ್ಲಿಟ್ಟು ಝೇಂಕರಿಸುವುದೆಂದೂ, ಒಳಗಿನ ಹುಳುವು ಭಯದಿಂದ ಅದನ್ನೇ ಸದಾ ಧ್ಯಾನಿಸುತ್ತ ಕಡೆಗೆ ತಾನೂ ಕಣಜವೇ ಆಗಿಬಿಡುವುದೆಂದೂ ಅದರ ಸಾರ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸುವಾಗ ಕೊನೆಯ ಗುರುವಾಗಿ ಬರುವುದು ಈ ಹುಳುವೇ. ನಮ್ಮ ಶರಣರ ವಚನಗಳಲ್ಲಿಯೂ ಕೀಡೆಯು ಕುಂಡಲಿಗನಾಗುವ ದೃಷ್ಟಾಂತವು ಬಂದಿದೆ. ಕುಂಡಲಿಗನೆಂಬುದು ಇದೇ ಕಣಜಕ್ಕೆ ಹಳೆಯ ಹೆಸರು. ಹೊಸ ವಿಜ್ಞಾನವನ್ನೋದಿದ ತರುಣರು ಈ ದೃಷ್ಟಾಂತವನ್ನು ಕೇಳಿ ನಗುವುದುಂಟು. ನಮಗೆ ನಗಲು ಕಾರಣವು ಕಾಣದು. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ, ನಡುವೆ ಕೇಳಿಸಿದ್ದು ಝೇಂಕಾರ. ಇಷ್ಟನ್ನೂ ಅವರು ಸರಿಯಾಗಿಯೇ ನೋಡಿದ್ದರು. ಮುಚ್ಚಿದ ಗಡಿಗೆಯ ಒಳಗಿದ್ದ ಮೊಟ್ಟೆಯೊಂದು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ಕುಂಬಾರ ಹುಳುವು ಮನೆಯೊಳಗೆ ಗೂಡು ಕಟ್ಟಿದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುವರೆಂಬ ನಂಬಿಕೆಯು ದಕ್ಷಿಣ ದೇಶದ ಹಲವೆಡೆ ಉಂಟು. ಸೊಸೆಯು ಬಸುರಿಯಾಗಿರುವ ಮನೆಯಲ್ಲಿ ಗೂಡನ್ನು ಕೆಡಹಲು ಅಜ್ಜಿಯರು ಒಪ್ಪರು. ಹುಳುವು ಗೂಡು ಕಟ್ಟುವುದು ಮಣ್ಣೂ ಬೇಟೆಯೂ ಮಳೆ ತಾಗದ ಮೂಲೆಯೂ ದೊರೆಯುವ ಕಡೆಯೇ ಹೊರತು ಬಸುರಿಯನ್ನು ನೋಡಿ ಅಲ್ಲವೆಂಬುದನ್ನು ಹೇಳಬೇಕಾದ್ದಿಲ್ಲ. ಆದರೂ ಆ ನಂಬಿಕೆಯಿಂದ ಹಾನಿಯಿಲ್ಲವಾದ ಕಾರಣ ಅಜ್ಜಿಯರೊಡನೆ ವಾದಕ್ಕಿಳಿಯುವುದು ನಮಗೆ ಇಷ್ಟವಿಲ್ಲ. ಒಂಟಿಯಾಗಿ ಬಾಳುವ ಈ ಕಣಜಕ್ಕೆ ಕಾಯಬೇಕಾದ ದೊಡ್ಡ ಸಂಸಾರವಿಲ್ಲದುದರಿಂದ ಅದು ಮನುಷ್ಯರ ಮೇಲೆ ಏರಿ ಬರುವುದಿಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಮಾತ್ರ ಕುಟುಕೀತು. ಒಂದು ಮೊಳದಷ್ಟು ದೂರದಲ್ಲಿ ಮಕ್ಕಳನ್ನು ನಿಲ್ಲಿಸಿ ಅದರ ಕೆಲಸವನ್ನು ತೋರಿಸಬಹುದು.

ಇದರಿಂದ ಆಗುವ ಉಪದ್ರವವೆಲ್ಲ ರಂಧ್ರಗಳದ್ದು. ಈ ಬಳಗದ ಕೆಲವು ಕಣಜಗಳು ತಾವಾಗಿ ಗೂಡು ಕಟ್ಟುವ ಶ್ರಮವನ್ನು ಉಳಿಸಿಕೊಂಡು ಸಿದ್ಧವಾಗಿರುವ ತೂತನ್ನೇ ಹುಡುಕಿ ಮಣ್ಣು ತುಂಬುವುವು. ಬೀಗದ ಕೀಲಿತೂತು, ವಿದ್ಯುತ್ತಿನ ಸಾಕೆಟ್ಟು, ಗೋಡೆಗೆ ಹೊಡೆದು ಬಿಟ್ಟ ಮೊಳೆಯ ತೂತು, ನೀರು ಹೊರಹೋಗುವ ಸಣ್ಣ ಕೊಳವೆ, ಕೆಲವು ವಾರ ಹಚ್ಚದೆ ಬಿಟ್ಟ ಗ್ಯಾಸ್ ಒಲೆಯ ನಳಿಗೆ ಇವೆಲ್ಲವೂ ಅದಕ್ಕೆ ಒಪ್ಪುವ ಮನೆಗಳು. ಬೇಸಗೆಯ ರಜೆಗೆಂದು ಊರಿಗೆ ಹೋಗಿ ಬಂದವರ ಒಲೆಯು ಉರಿಯದೆ ಹೋದಾಗ ನಳಿಗೆಯಲ್ಲಿ ಮಣ್ಣುಂಟೇ ಎಂದು ಮೊದಲು ನೋಡತಕ್ಕದ್ದು. ಇದು ಸಣ್ಣ ಮಾತೆಂದು ತೋರಬಹುದು; ಆದರೆ ೧೯೯೬ನೆಯ ಇಸವಿ ಫೆಬ್ರವರಿ ೬ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ಟೊ ಪ್ಲಾಟಾ ಎಂಬಲ್ಲಿಂದ ಹೊರಟ ವಿಮಾನವೊಂದು ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ ೧೮೯ ಜನರೂ ಮಡಿದರು. ವೇಗವನ್ನು ಅಳೆಯುವ ಕೊಳವೆಯೊಂದು ಕಟ್ಟಿಹೋಗಿದ್ದುದೇ ಅನರ್ಥಕ್ಕೆ ಮೊದಲು. ವಿಮಾನವು ಹಲವು ದಿನ ಹಾರದೆ ನಿಂತಿದ್ದಾಗ, ಹೊದಿಕೆಯಿಲ್ಲದ ಆ ಕೊಳವೆಯೊಳಗೆ ಕುಂಬಾರ ಕಣಜವು ಗೂಡುಕಟ್ಟಿದ್ದಿರಬೇಕೆಂದು ತನಿಖೆ ಮಾಡಿದವರು ಶಂಕಿಸಿದರು. ನಮ್ಮ ಅಡಿಗೆಮನೆಯಲ್ಲಿ ಅಷ್ಟು ದೊಡ್ಡ ಅಪಾಯವಿಲ್ಲ. ಆದರೂ ಬಹುದಿನ ಊರಿಗೆ ಹೋಗುವವರು ಒಲೆಯನ್ನೂ ಸಾಕೆಟ್ಟುಗಳನ್ನೂ ಬಟ್ಟೆಯಿಂದಲೋ ಕಾಗದದ ಪಟ್ಟಿಯಿಂದಲೋ ಮುಚ್ಚಿ ಹೋಗುವುದು ಲೇಸು.

ಜಿರಲೆಯನ್ನು ಕಂಡರೆ ಹೇಸುವ ಗೃಹಿಣಿಯರಿಗೆ ಸಂತೋಷವಾಗತಕ್ಕ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಹಸುರು ನೀಲಿ ಬಣ್ಣದಲ್ಲಿ ಒಡವೆಯಂತೆ ಹೊಳೆಯುವ, ತೊಡೆಗಳು ಮಾತ್ರ ಕೆಂಪಾಗಿರುವ ಸುಂದರವಾದ ಒಂದು ಕಣಜವು ಹಳೆಯ ಮನೆಗಳ ಬಚ್ಚಲು, ಸೌದೆಕೊಟ್ಟಿಗೆಗಳಲ್ಲಿ ಕಾಣಿಸುವುದುಂಟು. ಇದರ ಬೇಟೆ ಜಿರಲೆ. ಮೊದಲು ಎದೆಗೆ ಕುಟುಕಿ ಮುಂಗಾಲುಗಳನ್ನು ಕ್ಷಣಕಾಲ ಕಟ್ಟಿಹಾಕುವುದು. ಆಮೇಲೆ ಮುಳ್ಳನ್ನು ನೇರವಾಗಿ ಜಿರಲೆಯ ತಲೆಗೆ, ಅದರ ಮಿದುಳಿಗೇ ಇಳಿಸುವುದು. ಜಿರಲೆಯು ಸಾಯುವುದಿಲ್ಲ, ನಡೆಯಲು ಬಲ್ಲುದು. ಆದರೆ ಓಡಿಹೋಗಬೇಕೆಂಬ ಇಚ್ಛೆಯೇ ಇಲ್ಲದಂತಾಗುವುದು. ಆಗ ಈ ಪುಟ್ಟ ಕಣಜವು ತನಗಿಂತ ಬಹು ದೊಡ್ಡದಾದ ಜಿರಲೆಯ ಮೀಸೆಯನ್ನು ಹಿಡಿದು, ಮೂಗುದಾರ ಹಾಕಿದ ಎತ್ತನ್ನು ರೈತನು ಕೊಟ್ಟಿಗೆಗೆ ನಡೆಸಿಕೊಂಡು ಹೋಗುವಂತೆ, ತನ್ನ ಬಿಲಕ್ಕೆ ನಡೆಸಿಕೊಂಡು ಹೋಗುವುದು. ಮೊಟ್ಟೆಯಿಟ್ಟು ಬಿಲವನ್ನು ಕಸಕಡ್ಡಿಗಳಿಂದ ಮುಚ್ಚುವುದು. ೧೯೪೧ರಲ್ಲಿ ಹವಾಯಿ ದ್ವೀಪಗಳಿಗೆ ಜಿರಲೆಗಳ ನಿವಾರಣೆಗೆಂದೇ ಇದನ್ನು ತರಿಸಿ ಬಿಟ್ಟರು. ಆದರೆ ಜಿರಲೆಗಳ ಸಂಖ್ಯೆಯ ಮುಂದೆ ಇದರ ಸಂಸಾರವು ಸಾಲದೆ ಹೋಯಿತು. ಇನ್ನೊಂದು ಕಪ್ಪು ಹುಳುವು ಗೋಡೆಯ ಮೇಲೆ ನಡೆಯುತ್ತ ತನ್ನ ಪುಟ್ಟ ಹೊಟ್ಟೆಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುತ್ತಿರುವುದನ್ನು ನೀವು ಕಂಡಿರಬಹುದು. ಅದೂ ಕಣಜಗಳ ನಂಟನೇ. ಜಿರಲೆಯ ಮೊಟ್ಟೆಯ ಪೆಟ್ಟಿಗೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು ಅದರ ಸಂತಾನವನ್ನು ಮೂಲದಲ್ಲಿಯೇ ಕೆಡಿಸುವುದು. ಮನುಷ್ಯರಿಗೆ ಇದರಿಂದ ತೊಂದರೆಯಿಲ್ಲ. ಪೊರಕೆಯನ್ನು ಎತ್ತುವ ಮುಂಚೆ ಇಷ್ಟನ್ನು ನೆನೆಯಬೇಕೆಂದು ನಮ್ಮ ಬಿನ್ನಹ.

ಇನ್ನು ಕಾಗದದ ಗೂಡು. ಕಿಟಕಿಯ ಚೌಕಟ್ಟಿನಿಂದಲೋ ಸೂರಿನ ಅಡಿಯಿಂದಲೋ ಸಣ್ಣ ತೊಟ್ಟಿನಲ್ಲಿ ತಲೆಕೆಳಗಾಗಿ ತೂಗುವ, ಆರು ಮೂಲೆಯ ಕೋಣೆಗಳ ಬೂದು ಬಣ್ಣದ ತಟ್ಟೆಯಿದು. ಮೇಲೆ ಹೊದಿಕೆಯಿಲ್ಲ, ಕೋಣೆಗಳೂ ಅವುಗಳ ಮೇಲೆ ಕುಳಿತ ಕಂದು ಕಣಜಗಳೂ ಹೊರಗೆ ಕಾಣುವುವು. ಒಣಮರದ ನಾರನ್ನು ಕೆರೆದು ಜೊಲ್ಲಿನಲ್ಲಿ ಅಗಿದು ಕಾಗದವನ್ನು ಮಾಡುವ ವಿದ್ಯೆಯು ಇವುಗಳಿಗೆ ಮನುಷ್ಯನಿಗಿಂತ ಬಹುಕಾಲ ಮೊದಲೇ ತಿಳಿದಿತ್ತು. ಯೂರೋಪಿನವರು ಹರಕು ಬಟ್ಟೆಯಿಂದ ಕಾಗದವನ್ನು ಮಾಡುತ್ತಿದ್ದ ಕಾಲದಲ್ಲಿ, ೧೭೧೯ರಲ್ಲಿ, ರೆಯೋಮ್ಯೂರ್ ಎಂಬ ಫ್ರೆಂಚ್ ವಿದ್ವಾಂಸನು ಈ ಗೂಡುಗಳನ್ನು ನೋಡಿ, ಮರದಿಂದಲೂ ಕಾಗದವನ್ನು ಮಾಡಬಹುದೆಂದು ಅಲ್ಲಿನ ವಿಜ್ಞಾನ ಪರಿಷತ್ತಿಗೆ ಸೂಚಿಸಿದನು. ಮರವನ್ನು ಅರೆದು ಕಾಗದ ಮಾಡುವ ಯಂತ್ರವು ಜರ್ಮನಿಯಲ್ಲಿ ಸಿದ್ಧವಾದುದು ೧೮೪೦ರ ದಶಕದಲ್ಲಿ. ಅಂದರೆ ಕಣಜದ ಪಾಠವನ್ನು ಕಲಿಯಲು ನಮಗೆ ನೂರು ವರ್ಷಕ್ಕೂ ಮಿಗಿಲಾಗಿ ಹಿಡಿಯಿತು.

ಈ ತೂಗುಗೂಡಿನ ಕಣಜಗಳ ಸಂಸಾರವನ್ನು ಅರಿಯುವ ಕೆಲಸವು ನಮ್ಮ ಬೆಂಗಳೂರಿನಲ್ಲಿಯೇ ನಡೆದಿರುವುದು ನಮಗೆ ಅಭಿಮಾನದ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ಅನೇಕ ದಶಕಗಳ ಕಾಲ ಇಲ್ಲಿ ಸಾಮಾನ್ಯವಾಗಿ ಸಿಕ್ಕುವ ಒಂದು ಜಾತಿಯನ್ನು ಹಿಡಿದು, ಒಂದೊಂದು ಹುಳುವಿಗೂ ಬೇರೆಬೇರೆ ಬಣ್ಣದ ಚುಕ್ಕೆಯನ್ನಿಟ್ಟು, ಯಾವುದು ಏನು ಮಾಡುವುದೆಂದು ಗಂಟೆಗಟ್ಟಲೆ ಕುಳಿತು ಬರೆದುಕೊಂಡರು. ೨೦೦೧ರಲ್ಲಿ ಅವರ ದೊಡ್ಡ ಗ್ರಂಥವು ಪ್ರಕಟವಾಯಿತು. ಅವರು ಕಂಡುದರಲ್ಲಿ ನಮ್ಮ ಓದುಗರಿಗೆ ರುಚಿಸತಕ್ಕದ್ದು ಇದು: ಆ ಗೂಡಿನ ರಾಣಿಯು ಜಗಳಗಂಟಿಯಲ್ಲ. ಯಾರನ್ನೂ ಬೆದರಿಸದೆ, ಯಾರ ಮೇಲೂ ಏರಿಹೋಗದೆ, ಸುಮ್ಮನೆ ಕುಳಿತು ಮೊಟ್ಟೆಯಿಡುವುದು. ಆದರೂ ಇನ್ನಾವುದೂ ಮೊಟ್ಟೆಯಿಡಲು ಹೋಗದು. ರಾಣಿಯನ್ನು ತೆಗೆದುಬಿಟ್ಟರೆ ಕೆಲಸಗಾತಿಯೊಂದು ಒಮ್ಮೆಲೆ ಅಬ್ಬರಿಸಲು ತೊಡಗುವುದು. ಕೆಲವು ದಿನಗಳಲ್ಲಿ ತಾನು ರಾಣಿಯಾದ ಮೇಲೆ ಅದೂ ಸಾಧುವಾಗಿಬಿಡುವುದು. ಮನೆಯ ಅಧಿಕಾರವು ದನಿಯೆತ್ತುವುದರಿಂದ ಬರುವುದಲ್ಲವೆಂದು ಅತ್ತೆಯರು ಸೊಸೆಯರಿಗೂ, ಸೊಸೆಯರು ಅತ್ತೆಯರಿಗೂ ಇದನ್ನು ಓದಿ ಹೇಳಬಹುದು.

ಇವು ತೋಟದ ಕಂಬಳಿಹುಳುಗಳನ್ನು ಹಿಡಿದು, ಅಗಿದು, ಮರಿಗಳಿಗೆ ಉಣಿಸುವುವು. ಅವರೆಯ ಚಪ್ಪರ, ಕೋಸಿನ ಮಡಿ, ಕರಿಬೇವಿನ ಗಿಡಗಳಿರುವ ಮನೆಯವರಿಗೆ ಇದರಿಂದ ಲಾಭವೇ. ಆದರೆ ಕುಂಬಾರ ಹುಳುವಿನ ಸಲಿಗೆಯು ಇಲ್ಲಿ ಸಲ್ಲದು. ಗೂಡನ್ನು ಅಲ್ಲಾಡಿಸಿದರೆ, ಅದರ ಹತ್ತಿರ ಕೈಬೀಸಿದರೆ ನಾಲ್ಕಾರು ಹುಳುಗಳು ಒಟ್ಟಿಗೆ ಬಂದು ಕುಟುಕುವುವು. ಆದಕಾರಣ ಗೂಡು ಎತ್ತರದ ಸೂರಿನಲ್ಲಿದ್ದರೆ ಬಿಡತಕ್ಕದ್ದು. ಬಾಗಿಲ ಮೇಲೆ, ಮೀಟರಿನ ಪೆಟ್ಟಿಗೆಯೊಳಗೆ, ಬಟ್ಟೆ ಒಣಗಿಸುವ ತಂತಿಯ ಪಕ್ಕದಲ್ಲಿ ಇದ್ದರೆ ತೆಗೆಯತಕ್ಕದ್ದು. ತೆಗೆಯಲು ಸುಲಭವಾದ ಕಾಲವು ಅದರ ಆರಂಭ. ಒಂದೇ ಹುಳುವು ನಾಲ್ಕೈದು ಕೋಣೆಗಳನ್ನು ಕಟ್ಟಿರುವಾಗ, ಅದು ಹೊರಗೆ ಹೋದ ಸಮಯ ನೋಡಿ ಉದ್ದದ ಕೋಲಿನಿಂದ ಗೂಡನ್ನು ಕೆಡಹಿದರೆ ಅದು ಒಂದೆರಡು ಬಾರಿ ಮತ್ತೆ ಕಟ್ಟಲು ನೋಡಿ, ಬೇಸತ್ತು, ಬೇರೆ ಎಡೆಯನ್ನು ಹುಡುಕಿಕೊಳ್ಳುವುದು. ವಾರಕ್ಕೊಮ್ಮೆ ಸೂರನ್ನು ತಲೆಯೆತ್ತಿ ನೋಡುವ ಅಭ್ಯಾಸವಿದ್ದರೆ ಇಷ್ಟೇ ಸಾಕು. ಹುಳುಗಳು ಹತ್ತಿಪ್ಪತ್ತಾದ ಮೇಲೆ ಕೆಲಸವು ಬಲ್ಲವರದು.

ಈಗ ಭಯಪಡಬೇಕಾದುದರ ಮಾತು. ಹಲಸು ಮಾವುಗಳ ಕೊಂಬೆಯಲ್ಲಿ, ಪಾಳುಮನೆಯ ಜಂತಿಯಲ್ಲಿ, ಕೆಲವು ವೇಳೆ ಎತ್ತರದ ಕಟ್ಟಡಗಳ ಮೂಲೆಯಲ್ಲಿ ಕೊಡದ ಆಕಾರದ, ಪದರಪದರವಾದ ಕಾಗದದ ಹೊದಿಕೆಯುಳ್ಳ ಗೂಡು ಕಂಡರೆ ಅದು ದೊಡ್ಡ ಕಣಜದ್ದು. ಒಳಗಿನ ಕೋಣೆಗಳು ಕಾಣಿಸವು. ಒಂದು ತೂತಿನಿಂದ ಹುಳುಗಳು ಬಂದು ಹೋಗುತ್ತಿರುವುದು ಮಾತ್ರ ಕಾಣುವುದು. ಮರದ ಪೊಟರೆಯಲ್ಲಿಯೂ ನೆಲದ ಬಿಲದಲ್ಲಿಯೂ ಮನೆಮಾಡುವ ಜಾತಿಯುಂಟು. ಹುಲ್ಲು ಕೊಯ್ಯಲು, ಸೌದೆ ತರಲು ಹೋದವರು ಅರಿಯದೆ ತುಳಿಯುವುದು ಇದನ್ನೇ. ಹುಳುವು ಹೆಬ್ಬೆರಳ ಅರ್ಧದಷ್ಟು ಉದ್ದ, ಕಪ್ಪು ಮೈ, ಹೊಟ್ಟೆಯ ಮೇಲೆ ಅಗಲವಾದ ಹಳದಿ ಪಟ್ಟೆ. ಒಂದು ಗೂಡಿನಲ್ಲಿ ನೂರಾರು ಹುಳುಗಳಿರುವುವು. ಸಾಮಾನ್ಯವಾಗಿ ಮಳೆಗಾಲವು ಕಳೆಯುವ ಹೊತ್ತಿಗೆ ಗೂಡು ಬಹು ದೊಡ್ಡದಾಗಿರುವುದು. ಹೆಜ್ಜೇನಿನ ಮುಳ್ಳಿಗೆ ಗಾಳದಂತೆ ಕೊಕ್ಕೆಗಳಿದ್ದು ಅದು ಕುಟುಕಿದಲ್ಲಿಯೇ ಸಿಕ್ಕಿಕೊಳ್ಳುವುದರಿಂದ ಜೇನು ಒಮ್ಮೆ ಮಾತ್ರ ಕುಟುಕಿ ಸಾಯುವುದು. ಕಣಜದ ಮುಳ್ಳು ಸೂಜಿಯಂತೆ ನುಣುಪು, ಒಂದೇ ಹುಳುವು ಮೇಲಿಂದ ಮೇಲೆ ಕುಟುಕಬಲ್ಲುದು. ಅಷ್ಟೇ ಅಲ್ಲ; ಅದರ ವಿಷದ ವಾಸನೆಯು ಗೂಡಿನ ಉಳಿದವಕ್ಕೆ ಯುದ್ಧದ ಕಹಳೆಯಿದ್ದಂತೆ. ಗೂಡಿನ ಬಳಿ ಒಂದನ್ನು ಹೊಸಕಿ ಕೊಂದವನ ಮೇಲೆ ದಂಡೇ ಬರುವುದು.

ಈ ಗೂಡನ್ನು ರಾತ್ರಿಯಲ್ಲಿ ಪಂಜಿನಿಂದ ಸುಡುವ ಸಾಹಸವು ಹಳ್ಳಿಗಳಲ್ಲಿ ಹಳೆಯದು. ನಾವು ಇದನ್ನು ಎಷ್ಟು ಬಲವಾಗಿ ಬೇಡವೆಂದರೂ ಸಾಲದು. ಏಣಿಯ ಮೇಲೆ ನಿಂತವನ ಮುಖಕ್ಕೆ ಹತ್ತು ಹುಳುಗಳು ಎರಗಿದರೆ ಕೈಬಿಟ್ಟು ಬೀಳದೆ ಇರುವವರು ಯಾರು? ಹೆಂಚಿನ ಕೆಳಗಣ ಒಣ ಜಂತಿಗೆ, ಹುಲ್ಲಿನ ಮೆದೆಗೆ ಕಿಡಿ ಹಾರಿದರೆ ಕಣಜವು ಹೋಗಿ ಮನೆಯೂ ಹೋದೀತು. ರಾತ್ರಿಯಲ್ಲಿ ಕೆರಳಿದ ಹುಳುಗಳು ದೀಪವಿರುವ ಕಡೆಗೇ ಬರುವುವು; ದೀಪವಿರುವುದು ಪಂಜು ಹಿಡಿದವನ ಕೈಯಲ್ಲಿ, ಇಲ್ಲವೇ ಮಕ್ಕಳು ಮಲಗಿರುವ ಕೋಣೆಯಲ್ಲಿ. ಗೂಡು ಜನರ ಸುಳಿದಾಟವಿಲ್ಲದ ದೂರದ ಮರದಲ್ಲಿದ್ದರೆ ಅದರ ಗೊಡವೆಯೇ ಬೇಡ; ಮಕ್ಕಳಿಗೆ ಆ ದಾರಿಯನ್ನು ಬಿಡಿಸಿದರಾಯಿತು. ಮನೆಗೂ ಶಾಲೆಗೂ ಹತ್ತಿರವಿದ್ದರೆ ಗ್ರಾಮಪಂಚಾಯತಿಯಲ್ಲಿಯೋ ಅಗ್ನಿಶಾಮಕ ಠಾಣೆಯಲ್ಲಿಯೋ ಕೇಳಿ, ಮೈತುಂಬ ಹೊದಿಕೆಯುಳ್ಳ, ಪಳಗಿದ ಜನರನ್ನು ಕರೆಯಿಸತಕ್ಕದ್ದು. ಅದಕ್ಕೆ ಕೊಡುವ ಹಣವು ದಂಡವಲ್ಲ. ಹುಳುಗಳು ಎದ್ದುಬಿಟ್ಟರೆ ಕೈಬೀಸುತ್ತ ನಿಲ್ಲಲಾಗದು. ತಲೆ ಮುಖಗಳನ್ನು ಸೆರಗಿನಿಂದಲೋ ಪಂಚೆಯಿಂದಲೋ ಮುಚ್ಚಿಕೊಂಡು, ಗೂಡಿನಿಂದ ನೇರವಾಗಿ ದೂರಕ್ಕೆ ಓಡಿ, ಬಾಗಿಲು ಹಾಕಿಕೊಳ್ಳುವ ಎಡೆಯನ್ನು ಸೇರಬೇಕು.

ಕುಟುಕಿದ ಮೇಲೆ ಏನು ಮಾಡಬೇಕು? ಸುಣ್ಣ, ಹುಣಿಸೆಹಣ್ಣು, ಈರುಳ್ಳಿಯ ರಸ, ಕಬ್ಬಿಣವನ್ನು ತಿಕ್ಕುವುದು ಹೀಗೆ ಮನೆಗೊಂದು ಮದ್ದುಂಟು. ವಿಷವು ಚರ್ಮದ ಒಳಗೆ ಇಳಿದಿರುವುದು. ಮೇಲೆ ಹಚ್ಚಿದ್ದು ಅದನ್ನು ತಲಪದು. ಸುಣ್ಣವಂತೂ ಚರ್ಮವನ್ನು ಸುಟ್ಟು ಹುಣ್ಣು ಮಾಡೀತು. ಸೋಪು ನೀರಿನಿಂದ ತೊಳೆದು, ತಣ್ಣೀರ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಒತ್ತುವುದು ಒಳ್ಳೆಯದು. ಕೈಗೆ ಕುಟುಕಿದ್ದರೆ ಬಾವು ಬರುವ ಮುನ್ನವೇ ಬಳೆ ಉಂಗುರಗಳನ್ನು ತೆಗೆದುಬಿಡಬೇಕು. ಆಮೇಲೆ ಅವು ಇಳಿಯವು. ಒಂದೆರಡು ಕುಟುಕಿನ ಉರಿಯು ಸಾಮಾನ್ಯವಾಗಿ ದಿನದೊಳಗೆ ತಗ್ಗುವುದು, ಬಾವು ಎರಡು ಮೂರು ದಿನ ಇರಬಹುದು.

ಆದರೆ ಕೆಲವರ ಮೈಗೆ ಈ ವಿಷವು ಒಗ್ಗದು. ಹಿಂದೊಮ್ಮೆ ಕುಟುಕಿಸಿಕೊಂಡು ಏನೂ ಆಗದಿದ್ದವರಿಗೂ ಮುಂದಿನ ಸಲ ಒಂದೇ ಕುಟುಕಿನಿಂದ ಪ್ರಾಣಕ್ಕೆ ಬಂದೀತು. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೀಗಾಯಿತು. ತೋಟದಿಂದ ಬಂದ ಮಗನು ಕತ್ತಿನ ಹಿಂದೆ ಕಣಜ ಕಚ್ಚಿತೆಂದು ಜಗಲಿಯಲ್ಲಿ ಕುಳಿತನು. ಹೆಂಡತಿಯು ಸುಣ್ಣದ ಡಬ್ಬಿಯನ್ನು ತರಲು ಒಳಗೆ ಹೋದಳು. ಅಷ್ಟರಲ್ಲಿ ಅವನ ತಾಯಿಯು ಮುಖವನ್ನು ದಿಟ್ಟಿಸಿ, “ಮಗು, ನಿನ್ನ ತುಟಿ ಯಾಕೋ ದಪ್ಪಗಾಯಿತು?” ಎಂದರು. “ಏನೂ ಇಲ್ಲಮ್ಮ, ಮೈಯೆಲ್ಲ ನವೆ, ಸ್ವಲ್ಪ ಮಲಗುತ್ತೇನೆ” ಎಂದು ಅವನೆಂದನು, ದನಿಯು ಒಡೆದುಹೋಗಿತ್ತು. “ಅತ್ತೆ, ಸುಣ್ಣ ಹಚ್ಚಲೇ?” ಎಂದು ಸೊಸೆಯು ಕೇಳಿದಳು. “ಸುಣ್ಣ ಹಾಗಿರಲಿ ತಾಯಿ, ಪಕ್ಕದ ಮನೆಯವರನ್ನು ಕೂಗು, ಗಾಡಿ ತರಲಿ” ಎಂದು ಆ ವೃದ್ಧೆಯು ಹಟ ಹಿಡಿದುದರಿಂದ ಅವನು ಅರ್ಧ ಗಂಟೆಯೊಳಗೆ ಆಸ್ಪತ್ರೆಯನ್ನು ಸೇರಿದನು. ತೊಡೆಗೆ ಚುಚ್ಚಿದ ಒಂದು ಸೂಜಿಮದ್ದಿನಿಂದ ಉಸಿರು ಸರಾಗವಾಯಿತು.

ಆ ಮದ್ದಿನ ಹೆಸರು ಅಡ್ರಿನಲಿನ್. ಮೈಯೆಲ್ಲ ದದ್ದು ಏಳುವುದು, ತುಟಿ ನಾಲಗೆ ಗಂಟಲು ಊದುವುದು, ಉಸಿರು ಕಟ್ಟುವುದು, ತಲೆ ಸುತ್ತುವುದು, ವಾಂತಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ೧೦೮ಕ್ಕೋ ೧೧೨ಕ್ಕೋ ಕರೆಮಾಡಿ, ಅಥವಾ ದೊರೆತ ವಾಹನದಲ್ಲಿ, ಹತ್ತಿರದ ಆಸ್ಪತ್ರೆಗೆ ಹೊರಡಬೇಕು. ಕಾಯುವಷ್ಟು ಹೊತ್ತೂ ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡತಕ್ಕದ್ದು, ಉಸಿರಾಟಕ್ಕೆ ಕಷ್ಟವಾದರೆ ಒರಗಿಸಿ ಕೂರಿಸಬಹುದು, ಎಬ್ಬಿಸಿ ನಡೆಸಲಾಗದು. ಬಾಯಿಯೊಳಗೆ ಕುಟುಕಿದ್ದರೆ ಲಕ್ಷಣಗಳನ್ನು ಕಾಯಬೇಕಾದ್ದಿಲ್ಲ. ಹತ್ತಾರು ಹುಳುಗಳು ಕುಟುಕಿದ್ದರಂತೂ, ರೋಗಿಯು ಎದ್ದು ಕುಳಿತು ಮಾತನಾಡುತ್ತಿದ್ದರೂ ಆಸ್ಪತ್ರೆಯಲ್ಲಿಯೇ ಇರಿಸುವುದು ಅವಶ್ಯ. ಬಹಳ ವಿಷವು ಸೇರಿದರೆ ಮಾಂಸಖಂಡಗಳೂ ರಕ್ತಕಣಗಳೂ ಒಡೆದು, ಒಂದೆರಡು ದಿನಗಳ ಮೇಲೆ ಮೂತ್ರಪಿಂಡಗಳು ಕೆಡುವುದುಂಟು. ಮೂತ್ರವು ಕಪ್ಪಾದರೆ, ಕಡಿಮೆಯಾದರೆ ಅದೇ ಸೂಚನೆ. ಮಕ್ಕಳ ಸಣ್ಣ ಮೈಗೆ ಕೆಲವೇ ಕುಟುಕುಗಳು ಹೆಚ್ಚಾಗುವುವು.

ಮತ್ತೆ ನಮ್ಮ ಕುಂಬಾರ ಹುಳುವಿನ ಗೂಡಿನ ಬಗೆಗೆ ಒಂದು ಮಾತು ಉಳಿದಿದೆ. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಗೋಡೆಯ ಮಣ್ಣುಮುದ್ದೆಗಳನ್ನು ತೆಗೆಯದೆ ಆಗದಷ್ಟೆ. ಮುದ್ದೆಯ ಮೇಲೆ ಗುಂಡಗಿನ ತೂತು ಕಂಡರೆ ಮರಿಯು ಹಾರಿಹೋಗಿದೆಯೆಂದು ತಿಳಿದು, ನೀರು ಚಿಮುಕಿಸಿ, ಸ್ವಲ್ಪ ನೆನೆದ ಮೇಲೆ ಹಳೆಯ ಚಾಕುವಿನಿಂದ ಎಬ್ಬಿಸಿದರೆ ಗಾರೆಯು ಕೀಳದೆ ಬರುವುದು. ತೂತಿಲ್ಲದಿದ್ದರೆ, ಅಷ್ಟೇನೂ ಅವಸರವಿಲ್ಲವಾದರೆ, ಕೆಲವು ವಾರ ಬಿಡಬಹುದು. ಖಾಲಿಯಾದ ಗಡಿಗೆಯೊಳಗೆ ಬೇರೊಂದು ಸಣ್ಣ ಕಣಜವೋ ಜೇಡವೋ ಬಾಡಿಗೆಯಿಲ್ಲದೆ ಸೇರಿಕೊಂಡಿರುವುದುಂಟು; ಬೆರಳನ್ನು ಹಾಕುವ ಮೊದಲು ಒಂದು ಕಡ್ಡಿಯಿಂದ ತಟ್ಟಿ ನೋಡಬೇಕು.